ರಜೆಗೆ ಹೋಗದ ಸ್ವೆಟರು

ದೆಹಲಿಗೆ ಚಳಿ ಕಾಲಿಡುವ ಮೊದಲು ಅದರ ವಾಸನೆ ಬರುತ್ತದೆ. ಆ ವಾಸನೆ ನುಸಿಗುಳಿಗೆಯದು. ಹೋದ ಭಾನುವಾರ ಲೋಧಿ ಕಾಲೋನಿಯ ಸಮಸ್ತ ಗೃಹಸ್ಥರಂತೆ ನಾನೂ ನಮ್ಮ ಸರ್ಕಾರಿ ಫ್ಲ್ಯಾಟಿನ ತಾರಸಿಯ ಮೇಲೆ ಕಪ್ಪು ಟ್ರಂಕು ಬಿಚ್ಚಿಕೊಂಡು, ಉಣ್ಣೆಯ ಬಟ್ಟೆಗಳಿಗೆ ಬಿಸಿಲಿನ ದರ್ಶನ ಮಾಡಿಸುತ್ತ ಕುಳಿತಿದ್ದೆ. ರಜಾಯಿಗಳ ಅಡಿಯಿಂದ ಮರೂನ್ ಬಣ್ಣದ ಸ್ವೆಟರೊಂದು ಹೊರಬಂತು. ಐದು ವರ್ಷದ ನನ್ನ ಮಗಳು ಚಿನ್ನಿ ಅದನ್ನು ಕೊಡವಿ ಎತ್ತಿ ಹಿಡಿದಳು.

"ಅಮ್ಮಾ, ಇದರ ಒಂದು ಹಾಥ್ ಇತ್ನಾ ಲಂಬಾ ಕ್ಯೂಂ ಇದೆ?"

ನಮ್ಮ ಮಗಳ ಮಾತು ಹೀಗೆಯೇ. ವಾಕ್ಯ ಕನ್ನಡದಲ್ಲಿ ಮನೆಯಿಂದ ಹೊರಡುತ್ತದೆ, ಹಿಂದಿಯಲ್ಲಿ ಊರೆಲ್ಲ ಸುತ್ತುತ್ತದೆ, ಕತ್ತಲಾಗುವ ಮೊದಲು ಹೇಗೋ ಕನ್ನಡದ ಬಾಗಿಲಿಗೆ ಬಂದು ನಿಲ್ಲುತ್ತದೆ. ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ಆ ಸ್ವೆಟರಿನ ಎಡತೋಳು ಬಲತೋಳಿಗಿಂತ ಒಂದು ಗೇಣು ಉದ್ದ.

"ಅಜ್ಜಿ ಗಲತ್ ಹೆಣೆದ್ರಾ?"

ಈ ಮಾತನ್ನು ಸೋಮವಾರಪೇಟೆಯಲ್ಲಿರುವ ನನ್ನ ತಾಯಿ ಕೇಳಿಸಿಕೊಂಡಿದ್ದರೆ ಮುಂದಿನ ರೈಲಿಗೇ ಹೊರಟು ಬರುತ್ತಿದ್ದರು. ಫೌಜಿಯ ಹೆಂಡತಿಯಾಗಿ ಅಂಬಾಲಾ, ಝಾನ್ಸಿ ಎಂದು ತಿರುಗುವಾಗ, ಕ್ವಾರ್ಟರ್ಸಿನ ಹೆಂಗಸರೆಲ್ಲ ಅಳತೆಗೆ ಹುಡುಕಿಕೊಂಡು ಬರುತ್ತಿದ್ದುದು ಅವರನ್ನೇ. ಅವರ ಹೆಣಿಗೆಯಲ್ಲಿ ಒಂದು ಕುಣಿಕೆ ಹೆಚ್ಚುಕಮ್ಮಿಯಾದದ್ದನ್ನು ಯಾರೂ ಕಂಡಿಲ್ಲ. ಆದ್ದರಿಂದ ಆ ಸಾಧ್ವಿಯ ಮಾನ ಉಳಿಸುವುದಕ್ಕಾದರೂ ನಾನು ಈ ತೋಳಿನ ವೃತ್ತಾಂತವನ್ನು ಬರೆಯಲೇಬೇಕಾಗಿದೆ. ಅದಕ್ಕೂ ನನ್ನ ಹೆರಿಗೆ ರಜೆಗೂ ನೇರ ಸಂಬಂಧವಿದೆ ಎಂದರೆ ನೀವು ನಗುತ್ತೀರಿ. ನಗಿ, ಬೇಡವೆನ್ನುವುದಿಲ್ಲ, ಆದರೆ ಪೂರ್ತಿ ಕೇಳಿ ನಗಿ.

ಆಗ ನಾನು, ಈಗಲೂ ಅಷ್ಟೆ, ದೆಹಲಿಯಾಚೆಯ ಮಾನೇಸರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಕಾರಿನ ಬಾಗಿಲು ಹಾಕಿದಾಗ ಮಳೆನೀರು ಒಳಗೆ ಬಾರದಂತೆ ಅಂಚಿಗೆ ಒಂದು ರಬ್ಬರಿನ ಪಟ್ಟಿ ಇರುತ್ತದಲ್ಲ, ಅದನ್ನು ತಯಾರಿಸುವ ಪುಣ್ಯಕಾರ್ಯ ನಮ್ಮದು. ಅದಕ್ಕೆ ಬೇಕಾದ ಕಚ್ಚಾ ಮಾಲಿನ ಲಾರಿಗಳು ಎಲ್ಲಿವೆ, ಏಕೆ ಅಲ್ಲಿವೆ, ಯಾವ ಢಾಬಾದಲ್ಲಿ ನಿದ್ದೆ ಮಾಡುತ್ತಿವೆ ಎಂದು ಫೋನಿನಲ್ಲಿ ವಿಚಾರಿಸುವುದು ನನ್ನ ಹುದ್ದೆ. ಕಿಟಕಿಯ ಪಕ್ಕ ನನ್ನ ಮೇಜು. ಕಿಟಕಿಯಿಂದ ಗೇಟು ಕಾಣುತ್ತದೆ. ಲಾರಿ ಒಳಗೆ ಬಂದರೆ ಎಲ್ಲರಿಗಿಂತ ಮೊದಲು ನನಗೇ ಗೊತ್ತಾಗುತ್ತದೆ. ಹಾಗಾಗಿ ಆ ಕುರ್ಚಿ ಬರೀ ಕುರ್ಚಿಯಲ್ಲ, ಒಂದು ಕಾವಲುಗೋಪುರ. ಅದನ್ನು ದಕ್ಕಿಸಿಕೊಳ್ಳಲು ನಾನು ನಾಲ್ಕು ವರ್ಷ ಪ್ರಿಂಟರಿನ ಪಕ್ಕದ ಮೂಲೆಯಲ್ಲಿ ತಪಸ್ಸು ಮಾಡಿದ್ದೆ.

ಬಸುರಿಯೆಂದು ತಿಳಿಸಿದ ಮೇಲೆ ಕಂಪನಿಯವರು ನನ್ನನ್ನು 'ಭಾವನಾತ್ಮಕವಾಗಿ ಸಿದ್ಧಪಡಿಸಲು' ಒಂದು ವೆಬಿನಾರಿಗೆ ಕೂರಿಸಿದರು. ಪರದೆಯ ಮೇಲೆ ಕಾಣಿಸಿಕೊಂಡ ಸಣ್ಣ ದನಿಯ ಹೆಂಗಸು, ಕಣ್ಣು ಮುಚ್ಚಿ, ಉಸಿರು ಎಳೆದುಕೊಳ್ಳಿ, ನಿಮ್ಮ ಆತಂಕವನ್ನು ಒಂದು ಮೋಡದ ಮೇಲೆ ಇಟ್ಟು ತೇಲಿಬಿಡಿ ಎಂದರು. ನಾನು ಶ್ರದ್ಧೆಯಿಂದ ಮೋಡವನ್ನು ಕಲ್ಪಿಸಿಕೊಂಡೆ. ಅದು ಗೇಟಿನೊಳಗೆ ಬರುತ್ತಿರುವ ಲಾರಿಯಂತೆ ಕಂಡಿತು. ಕಣ್ಣು ತೆರೆದು ಕಿಟಕಿಯಿಂದ ನೋಡಿದರೆ ನಿಜವಾಗಿಯೂ ಲಾರಿ ಬಂದಿತ್ತು. ಅಲ್ಲಿಗೆ ನನ್ನ ಭಾವನಾತ್ಮಕ ಸಿದ್ಧತೆ ಮುಕ್ತಾಯವಾಯಿತು.

ಇನ್ನು ವ್ಯಾವಹಾರಿಕ ಸಿದ್ಧತೆ. ಒಂದು ಶನಿವಾರ ಸರೋಜಿನಿ ನಗರದ ಮಾರ್ಕೆಟ್ಟಿಗೆ ಹೋಗಿ, ಬೆರಳುದ್ದದ ಕಾಲ್ಚೀಲಗಳ ರಾಶಿಯ ಮುಂದೆ ನಿಂತು, ಅಂಗಡಿಯ ಭಯ್ಯಾನೊಡನೆ ಚೌಕಾಶಿ ಶುರುಮಾಡಿದ್ದೆ. ಆಗಲೇ ತಾಯಿಯ ಫೋನು ಬಂತು. ಎಲ್ಲಿದ್ದೀಯೆಂದರು. ಬಸುರಿನಲ್ಲಿ ತಾಯಿಗೆ ಸುಳ್ಳು ಹೇಳಬಾರದೆಂದು ನಿಜ ಹೇಳಿದೆ.

"ಹುಟ್ಟೋಕೆ ಮುಂಚೆ ಒಂದು ದಾರ ಕೂಡ ಮನೆಗೆ ತರಬಾರದು! ಇಡು ಅದನ್ನ ಕೆಳಗೆ!"

ಇಟ್ಟೆ. ತೊಟ್ಟಿಲಿಲ್ಲ, ಟೋಪಿಯಿಲ್ಲ, ಕಾಲ್ಚೀಲವಿಲ್ಲ. ಸಿದ್ಧತೆ ಮಾಡುವ ಹುಚ್ಚು ಮೈತುಂಬ ಇರುವ ಹೆಂಗಸಿಗೆ ಮನೆಯಲ್ಲಿ ಏನನ್ನೂ ಸಿದ್ಧಮಾಡಕೂಡದೆಂದು ಆಜ್ಞೆಯಾದರೆ ಆ ಹುಚ್ಚು ಎಲ್ಲಿಗೆ ಹೋಗಬೇಕು? ಆಫೀಸಿಗೆ ಹೋಯಿತು.

ಇಲ್ಲಿ ನನ್ನ ತಂದೆಯವರನ್ನು ಪರಿಚಯಿಸಬೇಕು. ಅವರು ಫೌಜಿನಲ್ಲಿ ಸುಬೇದಾರರಾಗಿದ್ದವರು, ಅದರಲ್ಲೂ ಸ್ಟೋರಿನ ಉಸ್ತುವಾರಿ. ನಮ್ಮ ಬಾಲ್ಯದಲ್ಲಿ ಋತುಗಳು ಎರಡೇ: ಚಾರ್ಜ್ ತೆಗೆದುಕೊಳ್ಳುವ ಕಾಲ, ಚಾರ್ಜ್ ಒಪ್ಪಿಸುವ ಕಾಲ. ವರ್ಗವಾದಾಗಲೆಲ್ಲ ಕಪ್ಪು ಟ್ರಂಕುಗಳ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆಯುತ್ತಿದ್ದರು. ಆ ಬಣ್ಣದ ಡಬ್ಬಿಯ ವಾಸನೆ ಬಂತೆಂದರೆ ನಮ್ಮ ಗೆಳೆತನಗಳೆಲ್ಲ ಮುಗಿದವೆಂದೇ ಲೆಕ್ಕ. ಆಮೇಲೆ ಕ್ವಾರ್ಟರ್ಸು ಒಪ್ಪಿಸುವ ಶಾಸ್ತ್ರ. ಮೇಜು ಇದೆ, ನೋಡಿ. ನಲ್ಲಿ ಇದೆ, ತಿರುಗಿಸಿ ನೋಡಿ. ಬಲ್ಬು ಉರಿಯುತ್ತದೆ. ಕನ್ನಡಿ ಬಿರುಕು ಬಿಟ್ಟಿದೆ, ಆದರೆ ನಾವು ಬಂದಾಗಲೂ ಬಿಟ್ಟಿತ್ತು. ಎದುರಿನವರು ಒಪ್ಪಿ ತಲೆಯಾಡಿಸಿದ ಮೇಲೆಯೇ ಅಪ್ಪನ ಮುಖ ಸಡಿಲವಾಗುತ್ತಿತ್ತು.

ಅಂಬಾಲಾ ಬಿಡುವಾಗ ನಾನು ಮೂರನೆಯ ಕ್ಲಾಸು. ನಮ್ಮ ಹಿತ್ತಲಲ್ಲಿ ಒಂದು ಸೀಬೆ ಮರವಿತ್ತು, ಅದರ ಬುಡದಲ್ಲಿ ಕಾಲು ಕುಂಟುವ ಒಂದು ನಾಯಿ. ಅಪ್ಪ ಒಳಗೆ ನಲ್ಲಿಗಳನ್ನು ಒಪ್ಪಿಸುತ್ತಿದ್ದಾಗ ನಾನು ಹೊರಗೆ ಹೊಸದಾಗಿ ಬಂದಿದ್ದ ಹುಡುಗಿಗೆ ಮರವನ್ನು ಒಪ್ಪಿಸಿದೆ. ಈ ಕೊಂಬೆ ಗಟ್ಟಿ, ಈ ಕೊಂಬೆ ಮುರಿಯುತ್ತೆ, ಈ ಕಡೆಯ ಹಣ್ಣು ಸಿಹಿ, ನಾಯಿಗೆ ರೊಟ್ಟಿಯನ್ನು ನೆನೆಸಿ ಹಾಕಬೇಕು. ಅವಳು ಎಲ್ಲದಕ್ಕೂ "ಠೀಕ್ ಹೈ, ಠೀಕ್ ಹೈ" ಎಂದಳು. ಮರವನ್ನಾಗಲಿ ನಾಯಿಯನ್ನಾಗಲಿ ಹುಡುಗಿಯನ್ನಾಗಲಿ ಮತ್ತೆ ನೋಡಲಿಲ್ಲ. ನಾನು ಬಾಲ್ಯದಲ್ಲಿ ಒಪ್ಪಿಸಿದ್ದು ಯಾವುದೂ ನನಗೆ ಮರಳಿ ಬಂದದ್ದಿಲ್ಲ. ಈ ಸಣ್ಣ ವಿಷಯವನ್ನು ನಾನು ಮಾನೇಸರಿನಲ್ಲಿ ನೆನಪು ಮಾಡಿಕೊಳ್ಳಬೇಕಾಗಿತ್ತು. ಮಾಡಿಕೊಳ್ಳಲಿಲ್ಲ.

ನನ್ನ ಬದಲಿಗೆ ಕೆಲಸ ನೋಡಿಕೊಳ್ಳಲು ರಿತಿಕಾ ಎಂಬ ಹುಡುಗಿಯನ್ನು ಕೊಟ್ಟರು. ರೋಹತಕ್ ಕಡೆಯವಳು, ಚುರುಕು, ಬಾಯಿಯೂ ಚುರುಕು. ಅವಳಿಗೆ ನಾನು ಕೆಲಸ ಹೇಳಿಕೊಟ್ಟೆನೆನ್ನುವುದು ತಪ್ಪು. ನಾನು ಚಾರ್ಜ್ ಒಪ್ಪಿಸಿದೆ. ಯಾವ ಡ್ರೈವರು ಬೈದರೆ ಬರುತ್ತಾನೆ, ಯಾರು ಮಕ್ಕಳ ಕ್ಷೇಮ ವಿಚಾರಿಸಿದರೆ ಬರುತ್ತಾನೆ ಎಂಬಲ್ಲಿಂದ ಹಿಡಿದು, ಮೇಜಿನ ಎರಡನೆಯ ಡ್ರಾಯರನ್ನು ಮೊಣಕಾಲಿನಿಂದ ಗುದ್ದಿ ತೆಗೆಯುವ ವಿದ್ಯೆಯವರೆಗೆ. ಅನಂತರ ಡ್ರಾಯರು ಖಾಲಿ ಮಾಡಿದೆ. ನನ್ನ ಚಹಾದ ಲೋಟವನ್ನು ಬ್ಯಾಗಿಗೆ ಹಾಕಿದೆ. ಹೆಸರಿನ ಫಲಕ ಕಳಚಿ ಬಟ್ಟೆಯಲ್ಲಿ ಒರೆಸಿ ಕೊಟ್ಟೆ. ಕೊನೆಗೆ ಸ್ಟೇಪ್ಲರನ್ನು ಪಿನ್ನು ತುಂಬಿ, ಒಂದು ಸಲ ಒತ್ತಿ ತೋರಿಸಿ, ಸ್ಟೋರಿಗೆ ಮರಳಿಸಿದೆ. ಸ್ಟೋರಿನವರು ಸ್ಟೇಪ್ಲರನ್ನೂ ನನ್ನ ಮುಖವನ್ನೂ ಸರದಿಯಂತೆ ನೋಡಿದರು. ನನಗೆ ಅಪ್ಪನಂತೆಯೇ ಮುಖ ಸಡಿಲವಾಯಿತು.

ರಜೆಗೆ ಎರಡು ದಿನ ಮೊದಲು ಮಧ್ಯಾಹ್ನ ಎಲ್ಲರನ್ನೂ ಮೀಟಿಂಗ್ ರೂಮಿಗೆ ಕರೆದರು. ಸಮೋಸ ಇತ್ತು, ಕೇಕು ಇತ್ತು, ಬಣ್ಣದ ಕಾಗದದಲ್ಲಿ ಸುತ್ತಿದ ಗೋಡೆ ಗಡಿಯಾರವಿತ್ತು. ನಮ್ಮ ಮ್ಯಾನೇಜರು ಚೋಪ್ರಾ ಸಾಹೇಬರು ಎದ್ದು ನಿಂತು ನನ್ನ ಗುಣಗಾನ ಮಾಡತೊಡಗಿದರು. ಸುಮಾಜಿ ಬಹಳ ಶಿಸ್ತಿನವರಾಗಿದ್ದರು. ಸುಮಾಜಿ ಎಲ್ಲರೊಂದಿಗೆ ಹೊಂದಿಕೊಳ್ಳುತ್ತಿದ್ದರು. ಪ್ರತಿ ವಾಕ್ಯವೂ ಭೂತಕಾಲದಲ್ಲಿಯೇ ಮುಗಿಯುತ್ತಿತ್ತು. ನನಗೆ ಒಂದು ಕ್ಷಣ, ಎದುರಿಗೆ ನನ್ನದೇ ಫೋಟೋಗೆ ಹಾರ ಹಾಕಿದ್ದಾರೆಯೇ ಎಂದು ನೋಡಬೇಕೆನಿಸಿತು.

ಭಾಷಣ ಮುಗಿಸಿ ಅವರು ಮೆಲ್ಲನೆ ಕೇಳಿದರು: "ಹಾಗಾದರೆ, ಹೆರಿಗೆ ಮುಗಿದ ಮೇಲೆ ಯಾವ ಕಂಪನಿ ಸೇರುತ್ತೀರಿ?"

"ಸಾರ್, ನಾನು ಹೆರಿಗೆ ರಜೆಗಷ್ಟೇ ಹೋಗುತ್ತಿದ್ದೇನೆ. ಡಿಸೆಂಬರಿನಲ್ಲಿ ವಾಪಸು ಬರ್ತೀನಿ."

ಸಮೋಸಗಳು ಬಾಯಿಯ ಹತ್ತಿರವೇ ನಿಂತವು. ಚೋಪ್ರಾ ಸಾಹೇಬರು ನನ್ನನ್ನು ಆಪಾದಿಸುವ ದನಿಯಲ್ಲಿ, "ಅರೇ, ಆದರೆ ನೀವು ಸ್ಟೇಪ್ಲರ್ ಕೂಡ ವಾಪಸು ಕೊಟ್ಟಿರಲ್ಲ!" ಎಂದರು. "ಸ್ಟೇಪ್ಲರ್ ಕೊಟ್ಟು ಹೋದವರು ಇಲ್ಲಿಯವರೆಗೆ ಒಬ್ಬರೂ ತಿರುಗಿ ಬಂದಿಲ್ಲ, ಸುಮಾಜಿ. ಗಡಿಯಾರ ಬೇರೆ ತಂದಾಯಿತು."

ರಿತಿಕಾ ಆ ಹೊತ್ತಿಗಾಗಲೇ ನನ್ನ ಕಿಟಕಿಯಲ್ಲಿ ತನ್ನ ಮನಿಪ್ಲಾಂಟ್ ತಂದಿಟ್ಟಿದ್ದಳು. ಪಾಪ, ಅವಳ ತಪ್ಪೇನು? ಅವಳಿಗೆ ಆ ಜಾಗ ಕಾಯಂ ಎಂದೇ ಹೇಳಿದ್ದರು.

"ಚಿಂತೆ ಬೇಡ," ಎಂದರು ಚೋಪ್ರಾ ಸಾಹೇಬರು. "ಡಿಸೆಂಬರಿನಲ್ಲಿ ಬನ್ನಿ. ಎಲ್ಲಾದರೂ ಅಡ್ಜಸ್ಟ್ ಮಾಡೋಣ."

ಎಲ್ಲಾದರೂ! ಕಾನೂನು ನನ್ನ ನೌಕರಿಯನ್ನು ಕಾಯುತ್ತದೆ, ಕಿಟಕಿಯನ್ನು ಕಾಯುವುದಿಲ್ಲ. ಅಂದು ಸಂಜೆ ಮನೆಗೆ ಹೊರಟ ಕ್ಯಾಬಿನಲ್ಲಿ, ಮಡಿಲಿನಲ್ಲಿ ಗಡಿಯಾರವನ್ನೂ ಅದರ ಹಿಂದೆ ಮಗುವನ್ನೂ ಹಿಡಿದುಕೊಂಡು ಕುಳಿತವಳಿಗೆ ಪ್ರಿಂಟರಿನ ಮೂಲೆ ಕಣ್ಣಿಗೆ ಕಟ್ಟಿತು. ಅಲ್ಲಿಂದ ಗೇಟು ಕಾಣುವುದಿಲ್ಲ. ಲಾರಿ ಬಂದದ್ದನ್ನು ಬೇರೆಯವರು ಹೇಳಬೇಕು. ವೆಬಿನಾರಿನ ಹೆಂಗಸು ಹೇಳಿದಂತೆ ಉಸಿರು ಎಳೆದುಕೊಂಡೆ. ಅಳು ಬಂತು.

ಹೆರಿಗೆಗೆ ಮಗಳು ತವರಿಗೆ ಹೋಗುವುದು ನಮ್ಮಲ್ಲಿ ಪದ್ಧತಿ. ನನ್ನ ವಿಷಯದಲ್ಲಿ, ಡಾಕ್ಟರು ಇಲ್ಲೇ ಇದ್ದುದರಿಂದ, ತವರೇ ಎರಡು ಕಪ್ಪು ಟ್ರಂಕುಗಳಲ್ಲಿ ರೈಲು ಹತ್ತಿ ದೆಹಲಿಗೆ ಬಂದಿತ್ತು. ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ತಾಯಿ ಅಂಟಿನ ಉಂಡೆ ಕಟ್ಟುತ್ತಿದ್ದವರು ಕೈ ನಿಲ್ಲಿಸಿ ನಕ್ಕುಬಿಟ್ಟರು. ಅಪ್ಪ ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಗಂಭೀರವಾಗಿ ವಿಚಾರಣೆಗೆ ಕುಳಿತರು.

"ಎಲ್ಲ ಒಪ್ಪಿಸಿದೆಯಾ?"

"ಎಲ್ಲ, ಅಪ್ಪ. ನೀವು ಮಾಡ್ತಿದ್ದ ಹಾಗೆಯೇ."

"ನಾನು ವಾಪಸು ಬರದ ಊರು ಬಿಡೋವಾಗ ಹಾಗೆ ಮಾಡ್ತಿದ್ದೆ, ಮಗಾ. ಪಲ್ಟನ್ ಎಕ್ಸರ್ಸೈಜಿಗೆ ಹೋಗಿ ತಿರುಗಿ ಬರೋದಿದ್ರೆ ಹಿಂದೆ ರಿಯರ್ ಪಾರ್ಟಿ ಬಿಡ್ತೀವಿ. ನಾಲ್ಕು ಜನ. ಅವರು ದೊಡ್ಡ ಕೆಲಸ ಏನೂ ಮಾಡಲ್ಲ, ಅಲ್ಲಿ ಇರ್ತಾರೆ ಅಷ್ಟೆ. ಆಗ ಯಾರೂ ಜಾಗಕ್ಕೆ ಕೈ ಹಾಕಲ್ಲ. ನಿನ್ನ ರಿಯರ್ ಪಾರ್ಟಿ ಎಲ್ಲಿ?"

ನನ್ನ ರಿಯರ್ ಪಾರ್ಟಿಯನ್ನು ನಾನು ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದೆ: ಒಂದು ಚಹಾದ ಲೋಟ.

ಆಗ ಬಾಯಿಬಿಟ್ಟವರು ನಮ್ಮವರು. ನನ್ನ ಪತಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿದ್ದಾರೆ. ಹೆಸರು ಹೇಳುವುದು ಬೇಡ, ಗೃಹಶಾಂತಿಯ ಪ್ರಶ್ನೆ. "ಮಾವ, ಇದಕ್ಕೆ ನಾಲ್ಕು ಜನ ಯಾಕೆ? ಒಂದು ಸ್ವೆಟರ್ ಸಾಕು," ಎಂದರು. ಕುರ್ಚಿಯ ಬೆನ್ನಿಗೆ ಉಣ್ಣೆಯ ವಸ್ತ್ರವೊಂದು ತೂಗುತ್ತಿದ್ದರೆ ಆ ಮನುಷ್ಯ ಆಫೀಸಿನಲ್ಲಿಯೇ ಇದ್ದಾನೆ, ಚಹಾಕ್ಕೆ ಹೋಗಿದ್ದಾನೆ ಎಂಬುದು ದೆಹಲಿಯಲ್ಲಿ ಎಲ್ಲರೂ ಒಪ್ಪಿದ ಮಾತಂತೆ. ಅವರ ಹಿರಿಯ ಸಹೋದ್ಯೋಗಿಯೊಬ್ಬರು ತಂಗಿಯ ಮದುವೆಗೆ ಹೋಗಿ, ಬೀಗರ ಔತಣ ಮುಗಿಸಿ, ಹರಿದ್ವಾರವನ್ನೂ ನೋಡಿಕೊಂಡು ಬಂದರೂ ಅವರ ಕೋಟು ಒಂದೇ ಸಮನೆ ಹಾಜರಿತ್ತಂತೆ.

ಅಪ್ಪ ಕನ್ನಡಕ ಮತ್ತೆ ಹಾಕಿಕೊಂಡು, "ಕರೆಕ್ಟ್," ಎಂದರು. ಅಳಿಯನನ್ನು ಅವರು ಮನಸಾರೆ ಮೆಚ್ಚಿದ್ದು ಆವತ್ತೇ ಮೊದಲು.

ಹೀಗಾಗಿ ಮೇ ತಿಂಗಳ ಕೊನೆಯಲ್ಲಿ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಬಿಸಿಲಿನಲ್ಲಿ, ತುಂಬು ಗರ್ಭಿಣಿಯೊಬ್ಬಳು ತಾಯಿ ಹೆಣೆದ ಮರೂನ್ ಉಣ್ಣೆಯ ಸ್ವೆಟರನ್ನು ಮಡಿಸಿ ಕೈಯಲ್ಲಿ ಹಿಡಿದು ಮಾನೇಸರಿನ ಕ್ಯಾಬು ಹತ್ತಿದಳು. ಡ್ರೈವರು ಕನ್ನಡಿಯಲ್ಲಿ ನೋಡಿ, ಬಸುರಿನಲ್ಲಿ ಹೀಗೆಲ್ಲ ಆಗುತ್ತದೆಂದು ತಿಳಿದವನಂತೆ ಗಾಡಿ ಹೊರಡಿಸಿದ.

ಸಂಜೆ ಹೊರಡುವಾಗ ಸ್ವೆಟರನ್ನು ನನ್ನ ಕುರ್ಚಿಯ ಬೆನ್ನಿಗೆ ಹಾಕಿ, ಎರಡು ಭುಜ ಸರಿಮಾಡಿದೆ. ರಿತಿಕಾ ಕಣ್ಣರಳಿಸಿದಳು.

"ದೀದಿ, ಇದನ್ನು ನನಗೆ ಹ್ಯಾಂಡ್‌ಓವರ್ ಮಾಡಲಿಲ್ಲವಲ್ಲ?"

"ಇದನ್ನು ಒಪ್ಪಿಸುತ್ತಿಲ್ಲ, ರಿತಿಕಾ. ಬಿಟ್ಟು ಹೋಗುತ್ತಿದ್ದೇನೆ. ಎರಡೂ ಬೇರೆ ಬೇರೆ."

ಅವಳು ಸ್ವೆಟರನ್ನು ನೋಡಿದಳು, ನನ್ನ ಹೊಟ್ಟೆಯನ್ನು ನೋಡಿದಳು, ಏನೋ ಅರ್ಥವಾದಂತೆ, "ಅಚ್ಛಾ," ಎಂದಳು.

ಹೆರಿಗೆಯ ವರ್ಣನೆಯನ್ನು ನಾನು ಇಲ್ಲಿ ಮಾಡುವುದಿಲ್ಲ. ಅದನ್ನು ಕೇಳಲು ಒಪ್ಪುವವರು ಅದನ್ನು ಮೊದಲೇ ಬಲ್ಲರು, ಒಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಚಿನ್ನಿ ಬಂದಳು. ಬಂದ ಮೇಲೆ ಕಾಲ್ಚೀಲಗಳೂ ತೊಟ್ಟಿಲೂ ಬಂದವು. ಬಾಣಂತನದ ಆ ಬೆವರಿನ ಮಳೆಗಾಲದಲ್ಲಿ, ತಲೆಗೆ ಬಟ್ಟೆ ಕಟ್ಟಿಸಿಕೊಂಡು, ಫ್ಯಾನು ಹಾಕಬೇಡವೆನ್ನುವ ತಾಯಿಯೊಡನೆ ಕಾದಾಡುತ್ತ ಮಲಗಿರುವಾಗ ಒಮ್ಮೊಮ್ಮೆ ಆ ಸ್ವೆಟರನ್ನು ನೆನೆಯುತ್ತಿದ್ದೆ. ಅದಾದರೂ ಏಸಿಯಲ್ಲಿದೆಯಲ್ಲ ಎಂದು ಹೊಟ್ಟೆಕಿಚ್ಚಾಗುತ್ತಿತ್ತು.

ಡಿಸೆಂಬರು ಬಂತು. ಮೊದಲ ದಿನ ಹೊರಡುವಾಗ ಮಂಜು ದಟ್ಟವಾಗಿತ್ತು. ಅಪ್ಪ ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನೆಟ್ಟಗೆ ನಿಂತು, "ಚಾರ್ಜ್ ಕೊಡು," ಎಂದರು. ತಮಾಷೆಗೇ ಅಂದದ್ದು. ಗಟ್ಟಿ ಕೊಂಬೆ ಯಾವುದು, ಮುರಿಯುವ ಕೊಂಬೆ ಯಾವುದು ಎಂದು ಒಂದು ಸೀಬೆ ಮರದ ಬಗ್ಗೆ ಅಷ್ಟೆಲ್ಲ ಹೇಳಿದವಳು, ಮಗುವಿನ ಬಗ್ಗೆ ಏನನ್ನೂ ಹೇಳಲಾರದೆ ಮೆಟ್ಟಿಲಿಳಿದೆ. ಮೇಲಿನಿಂದ ಅಳು ಕೇಳಿತು. ಮೊದಲು ಅವಳದೆಂದುಕೊಂಡೆ, ಆಮೇಲೆ ನೋಡಿದರೆ ನನ್ನದೂ ಸೇರಿತ್ತು.

ಆಫೀಸಿನೊಳಗೆ ಕಾಲಿಟ್ಟು ಮೊದಲು ಪ್ರಿಂಟರಿನ ಮೂಲೆಯನ್ನು ನೋಡಿದೆ. ಅಲ್ಲಿ ಬೇರೆ ಯಾರೋ ತಪಸ್ಸು ಮಾಡುತ್ತಿದ್ದರು. ಆಮೇಲೆ ಕಿಟಕಿ. ಕುರ್ಚಿ ಅಲ್ಲೇ ಇತ್ತು. ಸ್ವೆಟರು ಭುಜಗಳನ್ನು ಸ್ವಲ್ಪ ಇಳಿಬಿಟ್ಟುಕೊಂಡು, ದೀರ್ಘ ಸೇವೆಯ ಗುಮಾಸ್ತನಂತೆ, ಡ್ಯೂಟಿಯಲ್ಲಿತ್ತು. ಅದರ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ರಿತಿಕಾ ಕುಳಿತಿದ್ದಳು.

"ಇಷ್ಟು ದಿನವೂ ಇದರಲ್ಲೇ ಕೂತಿದ್ದೆಯಾ?"

"ಮತ್ತೇನು ಮಾಡಲಿ ದೀದಿ? ಒಂದು ದಿನ ನಿಮ್ಮ ಕುರ್ಚಿಯಲ್ಲಿ ಕೂತೆ. ನಿಮ್ಮ ತೊಡೆಯ ಮೇಲೆಯೇ ಕೂತ ಹಾಗೆ ಆಯಿತು. ಎದ್ದುಬಿಟ್ಟೆ."

ಸೀಟುಗಳನ್ನು ಆಚೀಚೆ ಮಾಡಲು ಆಡಳಿತದವರು ಬಂದಿದ್ದರಂತೆ. ಸ್ವೆಟರು ನೋಡಿ, ಇಲ್ಲಿ ಯಾರೋ ಇದ್ದಾರೆ ಎಂದು ಮುಂದಿನ ಮೇಜಿಗೆ ಹೋದರಂತೆ. ಚೋಪ್ರಾ ಸಾಹೇಬರನ್ನು ಯಾರಾದರೂ ನನ್ನ ಬಗ್ಗೆ ಕೇಳಿದರೆ, ಅವರು ಕುರ್ಚಿಯ ಕಡೆ ಒಮ್ಮೆ ನೋಡಿ, "ಯಹೀಂ ಕಹೀಂ ಹೋಂಗೀ," ಇಲ್ಲೇ ಎಲ್ಲೋ ಇರಬೇಕು, ಎನ್ನುತ್ತಿದ್ದರಂತೆ. ಆದರೆ ಸ್ವೆಟರಿನ ಸೇವೆಗೆ ನಿಜವಾದ ಮೊಹರು ಒತ್ತಿದವರು ಕ್ವಾಲಿಟಿ ವಿಭಾಗದ ತ್ಯಾಗೀಜಿ. ನಿವೃತ್ತಿಗೆ ಹತ್ತಿರವಾಗಿದ್ದ ಆ ಸಜ್ಜನರು ಮಧ್ಯಾಹ್ನ ನನ್ನ ಮೇಜಿನ ಬಳಿ ನಿಂತು ಮುನಿಸಿಕೊಂಡು ಹೇಳಿದರು:

"ಎರಡು ಸಲ ಬಂದು ಹೋದೆ, ಬೇಟಾ. ಎರಡು ಸಲವೂ ನೀನು ಸೀಟಿನಲ್ಲಿ ಇರಲಿಲ್ಲ. ಇಷ್ಟೊಂದು ಚಹಾ ಒಳ್ಳೆಯದಲ್ಲ."

"ತಪ್ಪಾಯಿತು ತ್ಯಾಗೀಜಿ, ಇವತ್ತು ಸ್ವಲ್ಪ ತಡವಾಯಿತು," ಎಂದೆ.

ಆ ಸಂಜೆ ಸ್ವೆಟರು ತೊಟ್ಟುಕೊಂಡೇ ಮನೆಗೆ ಬಂದೆ. ಕುರ್ಚಿಗೆ ಇನ್ನು ಅದು ಬೇಕಿರಲಿಲ್ಲ, ನಾನೇ ಇದ್ದೆನಲ್ಲ. ಮರುದಿನ ಬೆಳಿಗ್ಗೆ ಹೊರಡುವ ಮುನ್ನ, ಯಾರಿಗೂ ಹೇಳದೆ, ಅದನ್ನು ಬಿಚ್ಚಿ ತೊಟ್ಟಿಲಿನ ಅಂಚಿಗೆ ಹಾಕಿ ಎರಡು ಭುಜ ಸರಿಮಾಡಿದೆ. ತಾಯಿ ನೋಡಿಬಿಟ್ಟರು.

"ಆಫೀಸಿನ ಧೂಳನ್ನೆಲ್ಲ ಮಗುವಿನ ಮೇಲೆ ಹಾಕ್ತೀಯಾ?"

"ಇರಲಿ ಬಿಡೇ," ಎಂದರು ಅಪ್ಪ ಒಳಗಿನಿಂದ. ಅವರಿಗೆ ಅರ್ಥವಾಗಿತ್ತು.

ಮೋಸವೆಂದರೆ ಮೋಸವೇ. ಆಫೀಸಿಗೆ ಒಗ್ಗಿದ ಉಪಾಯವನ್ನೇ ಆರು ತಿಂಗಳೂ ತುಂಬದ ಶಿಶುವಿನ ಮೇಲೆ ಹೂಡಿದ್ದೆ. ಮಧ್ಯಾಹ್ನ ಅಪ್ಪನ ಫೋನು ಬಂತು.

"ರಿಯರ್ ಪಾರ್ಟಿ ಪೋಸ್ಟಿನಲ್ಲಿದೆ. ಆದರೆ ಎಡತೋಳನ್ನು ಎದುರಾಳಿ ವಶಪಡಿಸಿಕೊಂಡಿದ್ದಾಳೆ. ಎಳೆದೆಳೆದು, ಬಾಯಿಗೆ ಹಾಕಿಕೊಂಡು, ಹಾಗೇ ನಿದ್ದೆ ಮಾಡಿದ್ದಾಳೆ."

"ಅತ್ತಳಾ?"

"ಅತ್ತಳು. ಆಮೇಲೆ ತೋಳು ಸಿಕ್ಕಿತು."

ಆ ಚಳಿಗಾಲವೆಲ್ಲ ಹೀಗೆಯೇ ನಡೆಯಿತು. ರಾತ್ರಿ ನಾನು ತೊಟ್ಟು ಮಲಗುವುದು, ಹಗಲು ಅದು ತೊಟ್ಟಿಲು ಕಾಯುವುದು. ಹೋಳಿಯ ಹೊತ್ತಿಗೆ ಚಳಿ ಹೋಯಿತು. ಎಡತೋಳು ಒಂದು ಗೇಣು ಬೆಳೆದಿತ್ತು.

ಹೋದ ಭಾನುವಾರ ತಾರಸಿಯ ಮೇಲೆ ಇದನ್ನೆಲ್ಲ ಚಿನ್ನಿಗೆ ಹೇಳಿದೆ. ಅವಳು ಎಡತೋಳಿನ ತುದಿಯನ್ನು ಒಮ್ಮೆ ಮೂಸಿ ನೋಡಿ, "ಮೈಂ ಇತ್ನೀ ಸ್ಟ್ರಾಂಗ್ ಇದ್ನಾ?" ಎಂದು ಹೆಮ್ಮೆಪಟ್ಟು ಆಟಕ್ಕೆ ಓಡಿದಳು. ಸೋಮವಾರ ನಾನು ಅದನ್ನೇ ತೊಟ್ಟು, ಎಡತೋಳನ್ನು ಎರಡು ಮಡಿಕೆ ಮಡಿಸಿ ಆಫೀಸಿಗೆ ಹೋದೆ. ಹನ್ನೊಂದರ ಹೊತ್ತಿಗೆ ಬಿಸಿಲು ಏರಿತು. ಸೆಕೆಯಾಯಿತೆಂದು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಅಭ್ಯಾಸಬಲದಿಂದ ಭುಜ ಸರಿಮಾಡಿದೆ.

ಈಗ ತನ್ನದೇ ಮೇಜು, ತನ್ನದೇ ಕಿಟಕಿ ಇರುವ ರಿತಿಕಾ ಅಲ್ಲಿಂದಲೇ ನನ್ನ ಹೊಟ್ಟೆಯ ಕಡೆ ನೋಡಿ ಕಿರುಚಿದಳು: "ದೀದಿ! ಫಿರ್ ಸೇ?" ಮತ್ತೊಮ್ಮೆಯಾ, ಎಂದು.

ಇಲ್ಲವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ನನ್ನ ಬೆನ್ನಿಗೆ ದಿಂಬು ತಂದಿಟ್ಟರು, ಚಹಾ ಮೇಜಿಗೇ ಬಂತು, ಜೊತೆಗೆ ಬಿಸ್ಕತ್ತೂ ಬಂತು. ಬಾಯಿ ಹೇಗೂ ತೆರೆದಿತ್ತು, ಬಿಸ್ಕತ್ತು ತಿಂದೆ. ನಿಜವನ್ನು ಸಂಜೆ ಹೇಳಿದರಾಯಿತೆಂದುಕೊಳ್ಳುತ್ತಿರುವಾಗ ಚೋಪ್ರಾ ಸಾಹೇಬರು ಕೋಣೆಯಿಂದ ಹೊರಬಂದರು. ಸ್ವೆಟರನ್ನು ನೋಡಿದರು. ನನ್ನನ್ನು ನೋಡಿದರು. ಮೇಜಿನ ಮೇಲಿದ್ದ ಸ್ಟೇಪ್ಲರನ್ನು ಎತ್ತಿ ನನ್ನ ಡ್ರಾಯರಿನೊಳಗೆ ಇಟ್ಟು, ಅದನ್ನು ಮೊಣಕಾಲಿನಿಂದ ಗುದ್ದಿ ಮುಚ್ಚಿದರು.

"ಸಮಾಚಾರ ಏನೇ ಇರಲಿ, ಸಂತೋಷ, ಸುಮಾಜಿ," ಎಂದರು. "ಇದೊಂದು ನಿಮ್ಮ ಹತ್ತಿರವೇ ಇರಲಿ."